ಹಸಿ ಆರಿಸುವ ಗೌರಮ್ಮತ್ತೆ

ಬೇರೆ ಹೆಂಗಸರು ಎಲೆಅಡಿಕೆಯ ಚೀಲ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಗೌರಮ್ಮತ್ತೆ ಬೂದಿಯ ಗಂಟು ಸಿಕ್ಕಿಸಿಕೊಂಡಿರುತ್ತಿದ್ದಳು. ಸಗಣಿ ಕುಳ್ಳಿನ ಬೂದಿ, ಬಟ್ಟೆಯಲ್ಲಿ ಸೋಸಿ ಹಿಟ್ಟಿನಂತೆ ನುಣ್ಣಗೆ ಮಾಡಿದ್ದು. ನಮ್ಮಪ್ಪನ ಅಕ್ಕ ಅವಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನರೋಣಾದ ನಮ್ಮ ಮನೆಗೆ ಬಂದವಳು. ನಿಜಾಮರ ಹುಕುಂ ನಮ್ಮೂರಿಗೆ ತಡವಾಗಿಯಾದರೂ ಬರುತ್ತಿತ್ತು; ಮನೆಯೊಳಗೆ ಮಾತ್ರ ಅತ್ತೆಯದೇ ಹುಕುಂ. ನಮ್ಮವ್ವ ಅವಳೆದುರು ಬಾಯಿ ತೆರೆಯುತ್ತಿದ್ದುದು ಆಕಳಿಸುವಾಗ ಮಾತ್ರ.

ಅತ್ತೆಯ ವಿದ್ಯೆಯೆಲ್ಲ ಒಂದೇ ಮಾತಿನ ಮೇಲೆ ನಿಂತಿತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿ ಹೊರಡುವಾಗ, "ಹಸಿ ಆರೂತನಕ ಜ್ವಾಕಿ ಇರ್ರಿ" ಎಂದು ಹೇಳುವುದು ರೂಢಿ. ಗಾಯ ಮಾಯುವ ತನಕ ಎಂದು ಅದರ ಅರ್ಥ. ಗೌರಮ್ಮತ್ತೆಗೋ ಹಗ್ಗದ ಮೇಲಿನ ಸೀರೆ ಆರುವುದೊಂದೇ ಗೊತ್ತು. ಹಸಿಯೆಂದರೆ ಒದ್ದೆ, ಒದ್ದೆಯನ್ನು ಒಣಗಿಸಬೇಕು. ಅಲ್ಲಿಗೆ ಅವಳ ವೈದ್ಯಕೀಯ ಮುಗಿಯಿತು. ಬಾಣಂತಿಯ ತಲೆಗೆ, ಬೆನ್ನಿಗೆ ಮಾತ್ರ ನೀರು. ಸೊಂಟದ ಕೆಳಗೆ ಹನಿ ತಾಗಕೂಡದು. ಹರಿದ ಜಾಗಕ್ಕೆ ಬೂದಿ ತುಂಬಿ ಅರಿವೆ ಬಿಗಿಯಬೇಕು. ಚೊಚ್ಚಲ ಬಾಣಂತಿಯರಾದ ನಮಗೆ ಆ ಜಾಗದ ಹೆಸರು ಹೇಳಲೂ ನಾಚಿಕೆ. ಯಾವುದೋ ಪರವೂರಿನ ಸುದ್ದಿಯಂತೆ "ಅಲ್ಲಿ" ಎನ್ನುತ್ತಿದ್ದೆವು.

ನನ್ನ ಚೊಚ್ಚಲಿನಲ್ಲಿ ಆ ಉರಿ ತಾಳಲಾರದೆ, ಅತ್ತೆ ಮಠಕ್ಕೆ ಹೋದ ಹೊತ್ತು ನೋಡಿ ಬಿಸಿನೀರಿನಿಂದ ತೊಳೆದುಕೊಂಡೆ. ದಿನಾ ತೊಳೆದೆ. ಗಾಯ ಮಾಯಿತು. ಅದನ್ನು ಅವಳ ಮುಖಕ್ಕೇ ಹೇಳಿದೆ.

"ನೀರ ಬಿದ್ರೂ ಮಾಯ್ತಂದ್ರ, ನನ್ನ ಬೂದಿ ಎಂಥಾ ಗಟ್ಟಿ ಇದ್ದೀತು ನೋಡಬೇ!" ಎಂದಳು. ಓಣಿಯಲ್ಲೆಲ್ಲ ಹಾಗೇ ಸಾರಿಕೊಂಡು ಬಂದಳು. ಇಂಥವಳ ಜೊತೆ ಏನು ವಾದ ಮಾಡುವುದು!

ತಂಗಿ ಶಾಂತಾ ನನ್ನಂಥ ಹಟಮಾರಿಯಲ್ಲ. ಅವಳ ಹೆರಿಗೆಯ ಸುದ್ದಿ ಕೇಳಿ ನಾನು ಇಜೇರಿಯ ಗಂಡನ ಮನೆಯಿಂದ ಬರುವಷ್ಟರಲ್ಲಿ ಅವಳ ಮೈ ಸುಡುತ್ತಿತ್ತು. ಕೋಣೆಯಲ್ಲಿ ಲೋಬಾನದ ಹೊಗೆಯನ್ನೂ ಮೀರಿದ ನಾತ. ತೊಳೆಯುತ್ತೇನೆ, ಏಳು ಎಂದೆ.

"ಬ್ಯಾಡಕ್ಕಾ, ಆರ್ಯಾದ. ಅತ್ತಿ ನೋಡ್ಯಾರ," ಎಂದಳು.

ಆರಿದ್ದು ಮೇಲಿನ ಬೂದಿ. ಒಳಗೆಲ್ಲ ಕೀವು. ಕಲಬುರ್ಗಿಯ ದವಾಖಾನೆಗೆ ಒಯ್ಯೋಣವೆಂದು ಅಪ್ಪನಿಂದ ಬಂಡಿ ಕಟ್ಟಿಸಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಹಸಿ ಬಾಣಂತೀನ ಗಾಳ್ಯಾಗ ಒಯ್ತೀಯೇನ? ನಿನಗೇನ ತಿಳೀತದ ಬೇ?"

ಅಪ್ಪ ಅಕ್ಕನ ಮುಖ ನೋಡಿದ, ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಮರುದಿನ ಶಾಂತಾ ಹೋಗಿಬಿಟ್ಟಳು.

ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯಲು ಹೆಂಗಸರು ಸೇರಿದರು. ಚಂಬು ಹಿಡಿದವಳು ಗೌರಮ್ಮತ್ತೆಯೇ. ಅಳುತ್ತಿದ್ದಳು. ನಾಟಕವಲ್ಲ, ನಿಜವಾಗಿಯೇ ಅಳುತ್ತಿದ್ದಳು. ಅದರಿಂದ ನನಗೆ ಇನ್ನಷ್ಟು ಹೇಸಿಗೆಯಾಯಿತು. ಹೆತ್ತ ಮೇಲೆ ತಂಗಿಯ ಗಾಯಕ್ಕೆ ನೀರು ತಾಗುತ್ತಿದ್ದುದು ಅದೇ ಮೊದಲು. ಅತ್ತೆ ನೀರಿನಲ್ಲಿ ಬೆರಳಿಟ್ಟು ನೋಡಿದಳು.

"ಭಾಳ ಬಿಸಿ ಅದ, ತಣ್ಣೀರ ಬೆರಸ್ರಿ. ಹಸಿ ಮೈ ಅದ ಹುಡುಗೀದು," ಎಂದಳು.

ನಾನು ಅವಳ ಕೈಯಿಂದ ಚಂಬು ಕಸಿದುಕೊಂಡೆ. ತಂಗಿಯನ್ನು ನಾನೇ ತೊಳೆದೆ. ಮುಂದಿನ ಮಕ್ಕಳನ್ನೆಲ್ಲ ಇಜೇರಿಯಲ್ಲೇ ಹೆತ್ತೆ. ಗೌರಮ್ಮತ್ತೆ ಬದುಕಿರುವತನಕ ತವರಿಗೆ ಹೋಗಲಿಲ್ಲ.