ಬೆಂಕಿಯ ಮುಂದೆ ತಣ್ಣನೆ ಬೆವರು

ತೊಂಬತ್ತೆಂಟರಲ್ಲಿ ನಾನು ಓದು ಬಿಟ್ಟೆ, ಏಳನೇ ಕ್ಲಾಸಿಗೆ. ಬಿಟ್ಟ ವಾರದಲ್ಲೇ ಮೂಗಿಗೆ ಹತ್ತಿದ ವಾಸನೆ ಮೊನ್ನೆ ಸೊಪ್ಪು ಬೇಯಿಸುವ ಮನೆಯ, ನಮ್ಮ ಬ್ಯಾರನ್ನಿನ, ಬಾಗಿಲು ತೆಗೆದಾಗ ಮತ್ತೆ ಮುಖಕ್ಕೆ ಬಡಿಯಿತು. ಬೆಂದ ಹೊಗೆಸೊಪ್ಪಿನ ವಾಸನೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಅದರ ಹಿಂದೆಯೇ ಮಾವ ನೆನಪಾದರು...

ಸಂಬಂಧದಲ್ಲಿ ಮಾವನಲ್ಲ, ಪಕ್ಕದ ಹೊಲದವರು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಇಲ್ಲಿ ಸೊಪ್ಪು ಬೆಳೆಯುವವರು ಎಲ್ಲರೂ, ಬೇಯಿಸಬಲ್ಲವರು ಕೆಲವರೇ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ತುಂಬಿದ ಮೇಲೆ ಐದಾರು ದಿನ ಒಲೆ ಆರಬಾರದು. ಎಲೆಯ ಹಳದಿ ಬಣ್ಣ ನಿಲ್ಲುವ ಹೊತ್ತಿನಲ್ಲಿ ಬೆಂಕಿ ಕುಗ್ಗಿದರೆ ಅಷ್ಟೂ ಸೊಪ್ಪು ಕಪ್ಪು. ಮೇಷ್ಟ್ರು ಕಲಿಸದಿದ್ದುದನ್ನು ಮಾವ ಆ ಒಲೆಯ ಮುಂದೆ ಕಲಿಸಿದರು. ಇವತ್ತು ನನ್ನ ಸೊಪ್ಪಿಗೆ ಹೆಸರಿದೆ. ಯಾರ ಮುಂದೆಯೂ ತಲೆ ತಗ್ಗಿಸಿಲ್ಲ.

ಹಸಿ ಸೊಪ್ಪು ಮುರಿದ ದಿನ ನಮ್ಮಲ್ಲಿ ಎಲ್ಲರಿಗೂ ತಲೆಸುತ್ತು, ವಾಂತಿ, ಮೈಯೆಲ್ಲ ಬೆವರು. ಕಡ್ಡಿ ಎತ್ತಿ ಎತ್ತಿ ತೋಳು ನೋವು. ಸೊಪ್ಪಿನ ಅಮಲು ಎನ್ನುತ್ತೇವೆ. ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಸಂಜೆಗೆ ಸರಿ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಾವ ತಮ್ಮ ಬ್ಯಾರನ್ನಿನ ಒಲೆಯ ಮುಂದೆ ಕೂತು ಎಡತೋಳು ತಿಕ್ಕಿಕೊಳ್ಳುತ್ತಿದ್ದರು. ಕುಡಿದ ಮಜ್ಜಿಗೆ ಕಕ್ಕಿದ್ದರು. ಟವೆಲಿನಿಂದ ಅವರ ಕತ್ತು ಒರೆಸಿದೆ. ಅಷ್ಟು ಬೆಂಕಿಯ ಮುಂದಿದ್ದ ಮನುಷ್ಯನ ಬೆವರು ಮಡಕೆ ನೀರಿನ ಹಾಗೆ ತಣ್ಣಗಿತ್ತು.

“ಏಳಿ ಮಾವ, ಆಸ್ಪತ್ರೆಗೋಗವ. ಆಂಬುಲೆನ್ಸಿಗೆ ಫೋನ್ ಮಾಡ್ತೀನಿ.”

“ಸೊಪ್ಪಿನ ಅಮಲು ಕಣ್ಲಾ. ಏಳ್ನೇ ಕ್ಲಾಸು ಬುಟ್ಟೋನು, ಡಾಕ್ಟ್ರಂಗೆ ಆಡ್ಬ್ಯಾಡ.” ನಕ್ಕರು. ನಗು ಅರ್ಧಕ್ಕೇ ನಿಂತಿತು. “ಬಣ್ಣ ನಿಂತಿಲ್ಲ ಇನ್ನೂವೆ. ಒಲೆ ಬುಟ್ಟು ಎಲ್ಲೋಗ್ಲಿ?”

ಅವರ ಹೆಂಡತಿ, ನನಗೆ ಅತ್ತೆ, ಓಡಿಬಂದು ಬೈದರು. “ಸೊಪ್ಪು ಒತ್ಕಂಡೋಯ್ತೀರಾ ಮ್ಯಾಕೆ? ಏಳ್ರೀ ಮೊದ್ಲು!”

ಮಾವ ನನ್ನ ಕಡೆ ತಿರುಗಿದರು. “ನೀನು ಕೂತ್ಕೊ ಒಲೆ ಮುಂದೆ. ನೀನಾದ್ರೆ ಹೋಯ್ತೀನಿ. ಆಂಬುಲೆನ್ಸು ಗಿಂಬುಲೆನ್ಸು ಬ್ಯಾಡ, ಊರೆಲ್ಲಾ ನೋಡ್ತದೆ. ಬಸ್ಸಿಗೆ ನಡ್ಕಂಡೋಯ್ತೀವಿ.”

ಕೂತೆ. ಸೌದೆ ಒಟ್ಟಿದೆ. ಇಬ್ಬರೂ ಬದುವಿನ ಮೇಲೆ ನಿಧಾನ ನಡೆದು ಹೋಗುವುದು ಕಾಣುತ್ತಿತ್ತು...

ಮಾವ ಬಸ್ ಸ್ಟಾಪಿನಲ್ಲಿ ಬಿದ್ದರಂತೆ. ಜನ ಸೇರಿ ಮುಖಕ್ಕೆ ನೀರು ಚಿಮುಕಿಸಿದರಂತೆ. ಫಿಟ್ಸ್ ಇರಬೇಕೆಂದು ಕೈಗೆ ಬೀಗದ ಕೈ ಹಿಡಿಸಿದರಂತೆ. ಎದೆ ಒತ್ತಬೇಕೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಾವ ಹೋದ ಸುದ್ದಿ ಬಂದಾಗಲೂ ನಾನು ಒಲೆಯ ಮುಂದೆಯೇ ಇದ್ದೆ. ಆ ಸಲದ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಅಂಥ ಬಣ್ಣ ಆಮೇಲೆ ನನ್ನ ಕೈಯಲ್ಲಿ ಬಂದಿಲ್ಲ.

ಹೋದ ವರ್ಷ ಊರ ಶಾಲೆಯಲ್ಲಿ ಶಿಬಿರ ನಡೆಯಿತು. ನರ್ಸಮ್ಮ ಬೊಂಬೆಯ ಎದೆ ಒತ್ತಿ ತೋರಿಸಿದರು. ಎದೆ ಭಾರ, ಬೆವರು, ವಾಂತಿ, ತೋಳು ನೋವು ಬಂದರೆ ನಡೆಯಬಾರದು, ಇದ್ದಲ್ಲೇ ಕೂತು ಆಂಬುಲೆನ್ಸ್ ಕರೆಯಬೇಕು ಎಂದರು.

“ಸೊಪ್ಪಿನ ಕಾಲ್ದಲ್ಲಿ ಇವೆಲ್ಲಾ ನಮ್ಗೆ ಇದ್ದುದ್ದೇ ಕಣವ್ವಾ, ದಿನಾ ಗಾಡಿ ಕಳಿಸ್ತೀರಾ?” ಎಂದು ಒಬ್ಬರು ಮುದುಕರು ಕೇಳಿದರು. ಎಲ್ಲರೂ ನಕ್ಕರು. ನರ್ಸಮ್ಮನಿಗೂ ನಗು ತಡೆಯಲಾಗಲಿಲ್ಲ. ಆ ತಣ್ಣನೆ ಬೆವರಿನ ಮಾತು ಹೇಳೋಣವೆಂದು ಎದ್ದೆ. ನಗು ನಿಲ್ಲಲಿಲ್ಲ, ಕೂತುಬಿಟ್ಟೆ...

ಈ ಸಲ ಬೇಯಿಸುವಾಗ ನನಗೂ ಒಂದು ಮಧ್ಯಾಹ್ನ ಎದೆ ಭಾರವಾಯಿತು. ಬೆವರು ತಣ್ಣಗಿದೆಯೇ ಎಂದು ಕತ್ತು ಮುಟ್ಟಿ ನೋಡಿಕೊಂಡೆ. ಬಣ್ಣ ನಿಂತಿರಲಿಲ್ಲ. ಏಳಲಿಲ್ಲ.

ಮಾವ ಇಲ್ಲ. ಈಗ ನನಗಿರುವುದು ಎರಡೂವರೆ ಎಕರೆ ಹೊಲ, ಎರಡು ಬ್ಯಾರನ್, ಒಂದು ಬೈಕು. ಒಲೆಯ ಮುಂದೆ ಕೂರಿಸಿ ಎದ್ದು ಹೋಗುವಷ್ಟು ನಂಬುವ ಮನುಷ್ಯ, ಒಬ್ಬನೂ ಇಲ್ಲ.