ಪಿಯಾನೋದೊಳಗಿನ ಬಲ್ಬು

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಸುಮ್ಮನೆ ಕೇಳಿ, ಮನಸ್ಸಿನಲ್ಲೇ ತಳ್ಳಿಹಾಕುತ್ತಿದ್ದೆ. ಮಣಿಪಾಲದಲ್ಲಿ ಭೌತಶಾಸ್ತ್ರ ಓದಿದವಳು ನಾನು. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ನನಗೆ ಪಿಯಾನೋ ಕಲಿಸಿದವರು ಶಿರ್ವದ ಸೆವ್ರಿನ್ ಟೀಚರ್. ಯೌವನದಲ್ಲಿ ಯುರೋಪಿನ ಸಭಾಂಗಣಗಳಲ್ಲಿ ಕಛೇರಿ ಕೊಡುತ್ತಿದ್ದವರು. ಬೆರಳ ಗಂಟುಗಳು ಬಿಗಿದುಕೊಂಡ ಮೇಲೆ ಊರಿಗೆ ಮರಳಿದರು. ಮತ್ತೆ ಯಾರೆದುರೂ ನುಡಿಸಲಿಲ್ಲ. ಶನಿವಾರಗಳಂದು ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಅವರ ಕೊನೆಯ ಶಿಷ್ಯೆ.

ಕರಾವಳಿಯ ಮಳೆಗಾಲ ಪಿಯಾನೋಗೆ ಆಗಿಬರುವುದಿಲ್ಲ. ಮರ ಉಬ್ಬುತ್ತದೆ, ಒತ್ತಿದ ಕೀ ಮೇಲೇಳುವುದಿಲ್ಲ. ಆದ್ದರಿಂದ ಜೂನ್ ಬಂತೆಂದರೆ ಟೀಚರ್, ಬಿಸಿಗೆ ತೇವ ಆರಲೆಂದು ಅದರೊಳಗೆ ಸಣ್ಣ ಬಲ್ಬೊಂದನ್ನು ಸದಾ ಉರಿಸಿಡುತ್ತಿದ್ದರು. ಆದರೂ ನಡುವಿನ ಒಂದು ಕೀ ಸಿಕ್ಕಿಕೊಳ್ಳುತ್ತಿತ್ತು. ಅವರು ತಮ್ಮ ಕೊನೆಯ ಕಛೇರಿಯಲ್ಲಿ ನುಡಿಸಿದ್ದ ಕೃತಿಯನ್ನು ನನಗೆ ಕಲಿಸುತ್ತಿದ್ದರು. ಪ್ರತಿ ಸಲವೂ ಆ ಕೀ ಸಿಕ್ಕಿದೊಡನೆ ನಾನು ನಿಲ್ಲಿಸಿಬಿಡುತ್ತಿದ್ದೆ. ಆಗ ಟೀಚರ್ ಗದರುತ್ತಿದ್ದರು:

“ಸ್ಟೇಜಿನಲ್ಲಿ ಎಂತ ಮಾಡ್ತೀ ಮಗಾ? ಜನರನ್ನು ಕೂರಿಸಿ ರಿಪೇರಿಯವನಿಗೆ ಫೋನ್ ಮಾಡ್ತೀಯಾ? ಬೆರಳಲ್ಲಿ ಎಬ್ಬಿಸಿ ಮುಂದೆ ಹೋಗು. ನನಗೊಮ್ಮೆ ಕೊನೆತನಕ ಕೇಳ್ಬೇಕು.”

ಅವರಿಗೆ ಅದನ್ನು ಕೇಳಿಸಲು ನನ್ನಿಂದಾಗಲಿಲ್ಲ. ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಜುಲೈಯಲ್ಲಿ ಅವರ ತಂಗಿ ಲಿಲ್ಲಿ ಬಾಯಿ ಫೋನ್ ಮಾಡಿದರು. ಮನೆ ಮಾರಿಯಾಗಿತ್ತು. ಪಿಯಾನೋ ಕಾರ್ಕಳದ ಒಂದು ಶಾಲೆಗೆ ಹೋಗುವುದಿತ್ತು; ಅದಕ್ಕೆ ಮೊದಲು ಒಮ್ಮೆ ಬಂದು ನುಡಿಸು ಎಂದರು. ನಾನು ಹೋದದ್ದು ಮಧ್ಯಾಹ್ನ. ಜಡಿಮಳೆ. ಅಭ್ಯಾಸಬಲದಿಂದ ದೀಪದ ಸ್ವಿಚ್ಚಿಗೆ ಕೈ ಹಾಕಿದೆ. ಬಾಗಿಲು ತೆರೆದುಕೊಟ್ಟ ಲಿಲ್ಲಿ ಬಾಯಿ ತಡೆದರು.

“ಕರೆಂಟಿಲ್ಲ ಮಾರಾಯ್ತಿ, ಮೀಟರೇ ಬಿಚ್ಚಿಕೊಂಡು ಹೋಗಿದ್ದಾರೆ. ಗೋಡೆ ಪೂರಾ ಬೂಷ್ಟು. ಈ ಪಿಯಾನೋದಿಂದ ಸ್ವರ ಬಂದ್ರೆ ನಿನ್ನ ಪುಣ್ಯ.”

ಕುಳಿತು ಬೆರಳಿಟ್ಟೆ. ಕೀಗಳು ಬೆಚ್ಚಗಿದ್ದವು. ಯಾಕೆಂದು ಯೋಚಿಸುವ ಮೊದಲೇ ನುಡಿಸತೊಡಗಿದ್ದೆ. ಆ ಜಾಗ ಬಂತು. ಒತ್ತಿದೆ. ಎಬ್ಬಿಸಲು ಇನ್ನೊಂದು ಬೆರಳು ಸಿದ್ಧವಿತ್ತು. ಅದು ತಲುಪುವ ಮೊದಲೇ ಕೀ ತಾನಾಗಿ ಮೇಲೆದ್ದಿತು. ಮೊದಲ ಬಾರಿಗೆ ಆ ಕೃತಿಯನ್ನು ಕೊನೆಯವರೆಗೆ ನುಡಿಸಿದೆ.

ಮುಗಿಸಿ ಮುಚ್ಚಳ ತೆರೆದೆ. ಬಲ್ಬಿನ ಹೋಲ್ಡರ್ ಖಾಲಿ ನೇತಾಡುತ್ತಿತ್ತು. ಒಳಗಿನ ಮರವನ್ನು ಮುಟ್ಟಿದೆ, ಆಮೇಲೆ ಲಿಲ್ಲಿ ಬಾಯಿಯನ್ನು ಕರೆದೆ. ಅವರೂ ಕೈಯಿಟ್ಟು ಥಟ್ಟನೆ ತೆಗೆದರು.

“ಬಿಸಿ ಉಂಟಲ್ಲ! ಬಲ್ಬು ನಾನೇ ಆಗಲೇ ತೆಗೆದು ಬಚ್ಚಲುಕೋಣೆಯ ಲೈಟಿಗೆ ಹಾಕಿದ್ದೆ,” ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಓದಿದ ವಿದ್ಯೆಯಿಂದ ಕಾರಣ ಹುಡುಕಿ ಸೋತಿದ್ದೇನೆ. ನನ್ನ ಹಂಬಲವೇ ಹಾಗೆ ಅನಿಸುವಂತೆ ಮಾಡಿತೆಂದರೆ, ಲಿಲ್ಲಿ ಬಾಯಿಯ ಕೈಗೂ ಬಿಸಿ ತಾಗಿದ್ದೇಕೆ?

ಈಗಲೂ ಮಳೆಗಾಲದಲ್ಲಿ ಅನುಮತಿ ಕೇಳಿ ಕಾರ್ಕಳದ ಆ ಶಾಲೆಗೆ ಹೋಗುತ್ತೇನೆ. ಶಾಲೆಯವರು ಒಳಗೆ ಬಲ್ಬು ಉರಿಸುತ್ತಾರೆ. ಆದರೂ ಆ ಕೀ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಎಬ್ಬಿಸಿ ಮುಂದೆ ಹೋಗುವುದು ನನಗೀಗ ಗೊತ್ತು. ಆದರೆ ಎಬ್ಬಿಸುವ ಮುನ್ನ ಸ್ವಲ್ಪ ಹೊತ್ತು ಕಾಯುತ್ತೇನೆ.