ವಾಲ್ವಿಗೆ ಬೆನ್ನು ಕೊಟ್ಟ ಬದರಿನಾಥರು

ಬದರಿನಾಥರು ಡ್ಯೂಟಿಯಲ್ಲಿ ನಿದ್ದೆ ಹೊಡೆಯುತ್ತಾರೆ ಎಂದು ಹಯವದನ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟ. ಕೋಲ್ಕತ್ತಾದ ಗಾರ್ಡನ್ ರೀಚ್ ಕಡೆಯ ಸಣ್ಣದೊಂದು ನಿಂಬೆ ಉಪ್ಪಿನ ಕಾರ್ಖಾನೆಗೆ ಅವನು ಹೊಸ ಮ್ಯಾನೇಜರು. ಮೈಸೂರಿನವನು, ಹರಳು ಕಟ್ಟುವ ಬಗ್ಗೆ ಪಿಎಚ್‌.ಡಿ. ಮಾಡಿದವನು, ಈ ಸಂಗತಿ ಕ್ಯಾಂಟೀನಿನ ಬೆಕ್ಕೊಂದನ್ನು ಬಿಟ್ಟು ಮಿಕ್ಕವರಿಗೆಲ್ಲ ತಿಳಿದಿತ್ತು, ಅವನೇ ತಿಳಿಸಿದ್ದ. ಧಾರವಾಡ ಬಿಟ್ಟು ಇಪ್ಪತ್ತಾರು ವರ್ಷವಾದ ಆಪರೇಟರ್ ಬದರಿನಾಥರು ಮಾತ್ರ ಟ್ಯಾಂಕು ತಣಿಸುವ ತಣ್ಣೀರಿನ ವಾಲ್ವಿಗೆ ಸ್ಟೂಲು ಒತ್ತಿಟ್ಟು, ಬೆನ್ನು ಒರಗಿಸಿ, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಈ ಸೆಖೆಗೆ ತಣ್ಣನೆಯ ಪೈಪು ಹಿತವಾಗಿರಬೇಕು ಎಂದುಕೊಂಡ ಹಯವದನ.

ಹಿಂದಿನ ಮ್ಯಾನೇಜರರ ಕಾಲದಲ್ಲಿ ಎರಡು ಸಲ ಹರಳಿನ ಬದಲು ಪುಡಿ ಹೋಗಿತ್ತು. ಬುಧವಾರ ಖರೀದಿದಾರರು ಖುದ್ದಾಗಿ ನೋಡಲು ಬರುವವರಿದ್ದರು. ಮತ್ತೆ ಪುಡಿಯಾದರೆ ಆರ್ಡರು ಹೋಗುತ್ತದೆ, ಅದರ ಹಿಂದೆಯೇ ಹಯವದನನ ನೌಕರಿ ಖಾಯಂ ಆಗುವ ಮಾತೂ.

ಸೋಮವಾರ ಬದರಿನಾಥರು ಊಟಕ್ಕೆ ಎದ್ದದ್ದೇ ತಡ, ಹಯವದನ ವಾಲ್ವನ್ನು ಎರಡು ಸುತ್ತು ತೆರೆದ.

ಬಿಸಿ ದ್ರಾವಣ ತಣ್ಣಗಾಗುತ್ತಾ ಶಕ್ತಿಗೆ ಮೀರಿ ಉಪ್ಪು ಹೊತ್ತುಕೊಂಡಿರುತ್ತದೆ. ಮೆಲ್ಲಗೆ ತಣಿಸಿದರೆ ಆ ಹೊರೆಯನ್ನು ಇರುವ ಹರಳುಗಳ ಮೇಲೇ ಇಳಿಸುತ್ತದೆ, ಹರಳು ದಪ್ಪವಾಗುತ್ತದೆ. ಅವಸರಪಡಿಸಿದರೆ ಎಲ್ಲವನ್ನೂ ಒಟ್ಟಿಗೆ ಕೆಡವುತ್ತದೆ, ಸಿಗುವುದು ಹಿಟ್ಟು. ಇದನ್ನೇ ಹಯವದನ ಎಂಬತ್ತು ಪುಟ ಬರೆದಿದ್ದ. ಇನ್ನೆರಡು ಸುತ್ತು ತಡೆಯುತ್ತದೆ ಎಂದು ಲೆಕ್ಕವನ್ನೂ ಹಾಕಿದ್ದ. ಆದರೆ ಅದು ಒಂದು ಲೀಟರಿನ ಗಾಜಿನ ಪಾತ್ರೆಯ ಲೆಕ್ಕ, ಇಲ್ಲಿದ್ದದ್ದು ಐದು ಸಾವಿರ ಲೀಟರಿನ ಟ್ಯಾಂಕು. ಹತ್ತೇ ನಿಮಿಷದಲ್ಲಿ ಟ್ಯಾಂಕಿನ ಗಾಜಿನ ಕಿಂಡಿ ಹಾಲಿನಂತೆ ಬೆಳ್ಳಗಾಯಿತು.

ಬದರಿನಾಥರು ಬಾಯಿ ಒರೆಸಿಕೊಳ್ಳುತ್ತಾ ಬಂದು ಇಣುಕಿದರು. "ಯಾರ್ರೀ ತಿರುವಿದ್ದು?"

"ನಾನೇ. ಸ್ವಲ್ಪ ಬೇಗ ಆಗ್ಲಿ ಅಂತ..."

"ಆತಲ್ರಿ. ಊರಿಗೆಲ್ಲಾ ಲೂಚಿ ಕರಿಯೋವಷ್ಟು ಮೈದಾ ಆತು."

"ಈಗೇನ್ರೀ ಮಾಡೋದು? ಬುಧವಾರ ಅವರು ಬರ್ತಾರೆ!"

"ಉಗಿ ಕೊಟ್ಟು ಎಲ್ಲಾ ಕರಗಸೋದು. ನಾಳೆ ಮುಂಜಾನೆ ಮತ್ತ ಮೊದಲಿಂದ."

ಮಂಗಳವಾರ ಬದರಿನಾಥರು ಹಳೇ ಬಿಸ್ಕತ್ತಿನ ಡಬ್ಬಿಯಿಂದ ಸಣ್ಣ ಹರಳುಗಳನ್ನು ಅಳೆದು ಟ್ಯಾಂಕಿಗೆ ಉದುರಿಸಿದರು. ಬೆಳೆಯುವ ಹರಳಿಗೆ ಅವೇ ಬೀಜ. ಆಮೇಲೆ ಅದೇ ಸ್ಟೂಲು, ಅದೇ ಒರಗು, ಅದೇ ಮುಚ್ಚಿದ ಕಣ್ಣು. ಹಯವದನ ಬೇಲಿ ಹಾಕಿದ ಹೊಲದಾಚೆಯ ಎಮ್ಮೆಯಂತೆ ಸುತ್ತಮುತ್ತ ಅಡ್ಡಾಡಿದ. ಆಗಲೇ ಅವನು ಗಮನಿಸಿದ್ದು: ದ್ರಾವಣ ಕಡೆಯುವ ಮೋಟರಿನ ಗುಂಯ್ ಸದ್ದು, ಹರಳು ಹೆಚ್ಚಿ ಒಂದಿಷ್ಟು ಭಾರವಾದಾಗಲೆಲ್ಲ ಬದರಿನಾಥರ ಕಣ್ಣು ತೆರೆಯುತ್ತಿತ್ತು. ಕಿಂಡಿಗೆ ಟಾರ್ಚು ಬಿಟ್ಟು ನೋಡುವರು, ಕೈ ಹಿಂದೆ ಚಾಚಿ ವಾಲ್ವನ್ನು ಬೆರಳಗಲ ತಿರುಗಿಸುವರು. ನಿದ್ದೆಯಲ್ಲ, ಆಲಿಸುತ್ತಿದ್ದರು.

"ಬದರಿನಾಥ್, ಈಗ ಒಂಚೂರು ಜಾಸ್ತಿ..."

"ಚಾ ಕುಡದು ಬರ್ರಿ, ಸರ."

ಸಂಜೆಯೊಳಗೆ ಹಯವದನ ಏಳು ಮಣ್ಣಿನ ಕುಡಿಕೆ ಚಹಾ ಕುಡಿದಿದ್ದ. ಟ್ಯಾಂಕಿನಿಂದ ಇಳಿದದ್ದು ದಪ್ಪ ಸಕ್ಕರೆಯಂಥ ಹರಳು. ಬುಧವಾರ ಖರೀದಿದಾರರು ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸಿದರು. ಆರ್ಡರು ಉಳಿಯಿತು.

ಅವರನ್ನು ಬೀಳ್ಕೊಟ್ಟ ಹಯವದನ ಉದಾರಿಯಾಗಿ ಸ್ಟೂಲಿನ ಬಳಿಗೆ ಬಂದ. "ಬದರಿನಾಥ್ ಅವರೇ, ಸದ್ದು ಕೇಳೋದು ಅರ್ಥವಾಯ್ತು. ಆದ್ರೆ ಆ ವಾಲ್ವಿಗೇ ಒರಗಿ ಕೂರ್ತೀರಲ್ಲ, ಪೈಪಿನ ಕಂಪನ ಬೆನ್ನಿಗೆ ತಿಳಿಯುತ್ತೆ, ಅಲ್ವಾ? ಇಬ್ಬರೂ ಸೇರಿ ಒಂದು ಪೇಪರ್ ಬರೀಬಹುದು!"

ಬದರಿನಾಥರು ಕಣ್ಣು ತೆರೆಯಲಿಲ್ಲ.

"ಕಂಪನಾನೂ ಇಲ್ಲ ಏನೂ ಇಲ್ರಿ, ಸರ. ನಾ ಇಲ್ಲಿ ಕುಂಡರಲಿಲ್ಲಂದ್ರ ಮ್ಯಾನೇಜರ್ ಬಂದು ತಿರುವತಾರ."